ಶರಾವತಿ ಸೀಮೆಯ ಸಂಕಷ್ಟಗಳು ಮತ್ತು ದೇವರ ಪಾಲನೆಯಲ್ಲಿ ನಮ್ಮ ಭರವಸೆ

ಘಟ್ಟದ ಮೇಲಿನ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ಕರಾವಳಿಯ ನಮಗೆ ದೂರದ ಊರುಗಳಲ್ಲ. ಆಗುಂಬೆ ಘಾಟಿ ಹತ್ತಿದರೆ ತೀರ್ಥಹಳ್ಳಿ, ಹುಲಿಕಲ್ ಘಾಟಿ ಹತ್ತಿದರೆ ಹೊಸನಗರ, ಹೊನ್ನಾವರದಿಂದ ಗೇರುಸೊಪ್ಪೆಯ ದಾರಿ ಹಿಡಿದರೆ ಜೋಗ ದಾಟಿ ಸಾಗರ. ಕೆಲಸ ಹುಡುಕಿಕೊಂಡು ಈ ದಾರಿಗಳಲ್ಲಿ ಹೋಗಿ ಅಲ್ಲಿಯೇ ನೆಲೆಸಿದ ಕೊಂಕಣಿ ಕಥೋಲಿಕ ಕುಟುಂಬಗಳು ಎಷ್ಟೋ. ಈ ಪ್ರದೇಶ 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದೆ. ಅಲ್ಲಿ ಧರ್ಮಾಧ್ಯಕ್ಷರಾಗಿದ್ದ ಡಾ. ಜೆರಾಲ್ಡ್ ಐಸಾಕ್ ಲೋಬೊ ಅವರೇ 2012ರಲ್ಲಿ ಉಡುಪಿ ಧರ್ಮಕ್ಷೇತ್ರದ ಪ್ರಥಮ ಧರ್ಮಾಧ್ಯಕ್ಷರಾಗಿ ಘಟ್ಟ ಇಳಿದು ಬಂದುದು ಓದುಗರಿಗೆ ನೆನಪಿರಬಹುದು. ಹೊಸನಗರ ತಾಲೂಕಿನ ಮಾಣಿ ಜಲಾಶಯದ ನೀರು ಘಟ್ಟದ ಕೆಳಗೆ ಕುಂದಾಪುರ ಕಡೆಯ ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದಲ್ಲಿ ವಿದ್ಯುತ್ ಆಗುತ್ತದೆ. ಅಲ್ಲಿಯವರ ನೋವು ನಮಗೆ ಸಂಬಂಧಿಸಿದ್ದಲ್ಲ ಎಂದು ಹೇಳುವ ಹಾಗಿಲ್ಲ.

ಈ ಮೂರು ತಾಲೂಕುಗಳ ಜನ ಇತ್ತೀಚಿನ ವರ್ಷಗಳಲ್ಲಿ ಒಂದರ ಮೇಲೊಂದು ಸಂಕಷ್ಟ ಕಂಡಿದ್ದಾರೆ. ಮಂಗನ ಕಾಯಿಲೆ, ಅಡಿಕೆಗೆ ಬಂದ ಎಲೆಚುಕ್ಕಿ ರೋಗ, ಆರು ದಶಕ ಕಳೆದರೂ ಬಗೆಹರಿಯದ ಮುಳುಗಡೆ ಸಂತ್ರಸ್ತರ ಭೂಮಿಯ ಪ್ರಶ್ನೆ. ಇಂತಹ ಹೊತ್ತಿನಲ್ಲಿ ವಿಶ್ವಾಸಿಗಳ ಬಾಯಲ್ಲಿ ಬರುವ ಮಾತು ಒಂದೇ: "ಎಲ್ಲ ದೇವರ ಚಿತ್ತ. ಅವರು ನೋಡಿಕೊಳ್ಳುತ್ತಾರೆ." ಈ ಮಾತಿನಲ್ಲಿ ಬಹಳ ದೊಡ್ಡ ವಿಶ್ವಾಸವಿದೆ. ಆದರೆ ಇದೇ ಮಾತನ್ನು ಕಷ್ಟದಲ್ಲಿರುವವನು ಹೇಳಿದರೆ ಒಂದು ಅರ್ಥ, ಅವನ ನೆರೆಯವನು ಅವನಿಗೆ ಹೇಳಿದರೆ ಇನ್ನೊಂದು ಅರ್ಥ ಬರುತ್ತದೆ. ಈ ವ್ಯತ್ಯಾಸವನ್ನು ನಮ್ಮ ಧರ್ಮಕೇಂದ್ರಗಳಲ್ಲಿ ನಾವು ಸಾಕಷ್ಟು ಯೋಚಿಸಿಲ್ಲ ಎಂದು ನಮಗೆ ಅನಿಸುತ್ತದೆ.

ಮೊದಲು ಮಂಗನ ಕಾಯಿಲೆಯನ್ನೇ ನೋಡೋಣ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಇದು ಮೊದಲು ಪತ್ತೆಯಾಯಿತು. ಕಾಡಿನ ಉಣುಗು ಕಚ್ಚುವುದರಿಂದ ಮನುಷ್ಯರಿಗೆ ಬರುತ್ತದೆ. ಸೊಪ್ಪು, ದರಗು, ಸೌದೆಗಾಗಿ ಕಾಡಿಗೆ ಹೋಗಲೇಬೇಕಾದವರಿಗೆ, ಅಂದರೆ ಬಡವರಿಗೇ, ಇದರ ಅಪಾಯ ಹೆಚ್ಚು. ರೋಗ ತಗುಲಿದ ನೂರು ಮಂದಿಯಲ್ಲಿ ಮೂವರಿಂದ ಐವರು ಸಾಯುತ್ತಾರೆಂದು ವೈದ್ಯರು ಹೇಳುತ್ತಾರೆ. ಇದಕ್ಕೆಂದೇ ಇರುವ ಔಷಧಿ ಇಲ್ಲ. 2018ರ ಕೊನೆಯಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಕಾಣಿಸಿಕೊಂಡ ಜ್ವರ 2019ರಲ್ಲಿ ಹತ್ತಕ್ಕೂ ಹೆಚ್ಚು ಜೀವಗಳನ್ನು ತೆಗೆದುಕೊಂಡಿತು. ರೋಗಿಗಳನ್ನು ಹೊತ್ತ ಆಂಬುಲೆನ್ಸ್‌ಗಳು ಘಟ್ಟ ಇಳಿದು ಮಣಿಪಾಲಕ್ಕೆ ಬಂದವು. 2024ರ ಆರಂಭದಲ್ಲಿ ಹೊಸನಗರ ತಾಲೂಕಿನಲ್ಲೂ ಸಾವು ಸಂಭವಿಸಿತು. ಹಿಂದೆ ಕೊಡುತ್ತಿದ್ದ ಲಸಿಕೆ ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಂತುಹೋಯಿತು. ಹಾಗಾಗಿ ಕಾಡಿಗೆ ಹೋಗುವ ಮುನ್ನ ಮೈಗೆ ಹಚ್ಚಿಕೊಳ್ಳುವ ಎಣ್ಣೆ, ಮನೆಗೆ ಬಂದ ಕೂಡಲೇ ಬಿಸಿನೀರು ಸ್ನಾನ, ಮಂಗ ಸತ್ತು ಬಿದ್ದದ್ದು ಕಂಡರೆ ಕೂಡಲೇ ಆರೋಗ್ಯ ಇಲಾಖೆಗೆ ತಿಳಿಸುವುದು, ಇವೇ ಮುಖ್ಯ ರಕ್ಷಣೆ.

"ನಮ್ಮನ್ನು ದೇವರು ಕಾಪಾಡುತ್ತಾರೆ" ಎಂದು ಎಣ್ಣೆ ಹಚ್ಚಿಕೊಳ್ಳದೆ ಕಾಡಿಗೆ ಹೋಗುವವನು ವಿಶ್ವಾಸಿಯೇ? ಸೈತಾನನು ಪ್ರಭು ಯೇಸುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೆಳಗೆ ಧುಮುಕು, ದೂತರು ಬಂದು ಹಿಡಿಯುತ್ತಾರೆ ಎಂದಾಗ ಪ್ರಭು ಧುಮುಕಲಿಲ್ಲ. ಅದನ್ನು ಅವರು ದೇವರನ್ನು ಪರೀಕ್ಷಿಸುವ ಕೆಲಸವೆಂದು ಕರೆದರು. ದೇವರು ತಮ್ಮ ಪಾಲನೆಯನ್ನು ತಾವು ಸೃಷ್ಟಿಸಿದವರ ಸಹಕಾರದಿಂದಲೇ ನಡೆಸುತ್ತಾರೆ ಎಂಬುದು ಧರ್ಮಸಭೆಯ ಬೋಧನೆ. ಹೀಗೆ ನೋಡಿದರೆ ಎಣ್ಣೆಯ ಬಾಟಲಿ ಹಿಡಿದು ಮನೆ ಮನೆಗೆ ಹತ್ತಿಳಿಯುವ ಆಶಾ ಕಾರ್ಯಕರ್ತೆಯ ಕೈಯೂ ದೇವರ ಪಾಲನೆಯ ಕೈಯೇ. ಆ ಕೈಗೆ ಸರಿಯಾದ ಗೌರವಧನ ಸಿಗಬೇಕೆಂದು 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಚಳಿಯಲ್ಲಿ ದಿನಗಟ್ಟಲೆ ಧರಣಿ ಕೂರಬೇಕಾಯಿತು. ಅವರಿಗಾಗಿ ನಮ್ಮ ಎಷ್ಟು ದೇವಾಲಯಗಳಲ್ಲಿ ವಿಶ್ವಾಸಿಗಳ ಪ್ರಾರ್ಥನೆಯ ಹೊತ್ತಿಗೆ ಒಂದು ಬಿನ್ನಹ ಸೇರಿತ್ತು?

ಸಾಗರದವರೇ ಆದ ನಾ. ಡಿಸೋಜರನ್ನು ಇಲ್ಲಿ ನೆನೆಯಬೇಕು. ಕಥೋಲಿಕ ಕುಟುಂಬದಲ್ಲಿ ಹುಟ್ಟಿ, ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯ ಪ್ರದೇಶದಲ್ಲಿ ದುಡಿದು, ಅಣೆಕಟ್ಟಿನ ನೀರು ಊರುಗಳನ್ನು ನುಂಗುವುದನ್ನು ಕಣ್ಣಾರೆ ಕಂಡು ಬರೆದವರು ಅವರು. 2014ರಲ್ಲಿ ಮಡಿಕೇರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. 2025ರ ಜನವರಿ 5ರಂದು ಮಂಗಳೂರಿನಲ್ಲಿ ದೈವಾಧೀನರಾದರು. ಅವರ 'ದ್ವೀಪ' ಕಾದಂಬರಿಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ನಿರ್ದೇಶಿಸಿದ ಚಿತ್ರಕ್ಕೆ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂದಿತ್ತು. ಆ ಚಿತ್ರದಲ್ಲಿ ಸುತ್ತ ನೀರು ಏರುತ್ತಿರುವಾಗ ಮನೆಯನ್ನು, ಗಂಡನನ್ನು ಉಳಿಸಿಕೊಳ್ಳಲು ನಾಗಿ ಒಬ್ಬಳೇ ಹೆಣಗುತ್ತಾಳೆ. ಕೊನೆಗೆ ಮಳೆ ಇಳಿದಾಗ ಗಂಡ ಗಣಪಯ್ಯ, ದೇವರು ಕಾಪಾಡಿದ ಎಂದು ಸಮಾಧಾನ ಪಡುತ್ತಾನೆ. ನಾಗಿಯ ದುಡಿಮೆ ಅವನ ಕಣ್ಣಿಗೆ ಬೀಳುವುದೇ ಇಲ್ಲ. ಅವಳ ಮುಖದಲ್ಲಿ ಆಗ ಕಾಣುವ ನೋವನ್ನು ಚಿತ್ರ ನೋಡಿದವರು ಮರೆಯಲಾರರು. ಗಣಪಯ್ಯನ ಭಕ್ತಿ ಸುಳ್ಳಲ್ಲ. ಆದರೆ ದೇವರು ಯಾರ ಕೈಯಿಂದ ಕಾಪಾಡಿದರೋ ಆ ಕೈಯನ್ನು ಅವನು ನೋಡಲಿಲ್ಲ. ನಮ್ಮ ಮನೆಗಳಲ್ಲೂ ಹೀಗೆಯೇ ಎಷ್ಟೋ ನಾಗಿಯರು ಇದ್ದಾರೆ ಎಂಬುದನ್ನು ಸ್ತ್ರೀ ಸಂಘಟನೆಯವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

2020ರ ಮಾರ್ಚ್ 27ರಂದು, ಕೊರೊನಾದ ಕತ್ತಲೆಯಲ್ಲಿ, ಮಳೆಯಲ್ಲಿ ನೆನೆಯುತ್ತಿದ್ದ ಖಾಲಿ ಸಂತ ಪೇತ್ರರ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಬಿರುಗಾಳಿಯ ಶುಭಸಂದೇಶದ ಬಗ್ಗೆ ಪ್ರಬೋಧನೆ ನೀಡಿದರು. ಭಯಪಡಬೇಡಿ ಎಂದು ಹೇಳಿ ಅವರು ಸುಮ್ಮನಾಗಲಿಲ್ಲ. ವೈದ್ಯರು, ದಾದಿಯರು, ಅಂಗಡಿ ನೌಕರರು, ಶುಚಿತ್ವದ ಕೆಲಸದವರು ಎಂದು ಒಬ್ಬೊಬ್ಬರನ್ನಾಗಿ ನೆನೆದರು. ಗಣಪಯ್ಯ ಬಿಟ್ಟುಬಿಟ್ಟದ್ದನ್ನು ಅವರು ಬಿಡಲಿಲ್ಲ.

ಇನ್ನು ಮುಳುಗಡೆಯ ವಿಷಯ. ಇದು ಉಣುಗಿನಿಂದ ಬಂದ ಕಷ್ಟವಲ್ಲ, ಮನುಷ್ಯರು ತೀರ್ಮಾನಿಸಿ ತಂದದ್ದು. 1940ರ ದಶಕದಲ್ಲಿ ಹಿರೇಭಾಸ್ಕರ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ, ಬಳಿಕ ಹೊಸನಗರ ಭಾಗದಲ್ಲಿ ಚಕ್ರಾ, ಸಾವೆಹಕ್ಲು, ಮಾಣಿ. ರಾಜ್ಯಕ್ಕೆ ಬೆಳಕು ಬಂತು. ಸಾವಿರಾರು ಕುಟುಂಬಗಳು ಮನೆ, ಗದ್ದೆ, ತೋಟ, ಗುಡಿ ಎಲ್ಲ ಬಿಟ್ಟು ಹೊರಟವು. ಅವರಿಗೆ ತೋರಿಸಿದ ಜಾಗ ಹೆಚ್ಚಾಗಿ ಅರಣ್ಯಭೂಮಿ. ಆ ಜಾಗವನ್ನು ಅರಣ್ಯದಿಂದ ಬಿಡುಗಡೆ ಮಾಡಿದ ರಾಜ್ಯ ಸರಕಾರದ ಆದೇಶಗಳು ಕೇಂದ್ರದ ಒಪ್ಪಿಗೆ ಪಡೆದಿರಲಿಲ್ಲವೆಂಬ ಕಾರಣಕ್ಕೆ 2021ರಲ್ಲಿ ರದ್ದಾದವು. ಮೊಮ್ಮಕ್ಕಳ ಕಾಲಕ್ಕೂ ಹಕ್ಕುಪತ್ರದ ಚಿಂತೆ ತಪ್ಪಲಿಲ್ಲ. ಹಿನ್ನೀರಿನಾಚೆ ಉಳಿದ ತುಮರಿ ಕಡೆಯ ಜನ ಲಾಂಚ್ ಕಾದು ಕಾದು, ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಕಂಡದ್ದು 2025ರ ಜುಲೈ 14ರಂದು. ಅಣೆಕಟ್ಟು ತುಂಬಿ ಅರುವತ್ತೊಂದು ವರ್ಷದ ನಂತರ! ಆ ಸಂತಸ ಆರುವ ಮೊದಲೇ ಸೆಪ್ಟೆಂಬರಿನಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಅಹವಾಲು ಸಭೆ ನಡೆಯಿತು. ಮತ್ತೆ ಅದೇ ಕಣಿವೆ.

ಇದನ್ನೆಲ್ಲ ದೇವರ ಚಿತ್ತ ಎನ್ನಲು ನಮಗೆ ಮನಸ್ಸಾಗದು. ಕಡತ ಮುಂದೆ ಸಾಗದಿರುವುದು ದೇವರ ಚಿತ್ತವಲ್ಲ. ಹಾಗೆ ಹೇಳಿದರೆ ಕಚೇರಿಯ ಮೇಜಿನ ಮೇಲಿನ ತಪ್ಪನ್ನು ದೇವರ ತಲೆಗೆ ಕಟ್ಟಿದಂತೆ. ಅರುವತ್ತು ವರ್ಷ ಅರ್ಜಿ ಹಿಡಿದು ತಾಲೂಕು ಕಚೇರಿಗೆ ಅಲೆದ ಮುದುಕನೊಬ್ಬ ಮರುದಿನವೂ ಅರ್ಜಿ ಹಿಡಿದು ಹೊರಡುತ್ತಾನಲ್ಲ, ಅದರಲ್ಲಿ ನಮಗೆ ಭರವಸೆ ಕಾಣಿಸುತ್ತದೆ. ಪ್ರಭು ಯೇಸು ಹೇಳಿದ ಸಾಮತಿಯಲ್ಲಿ ಅನ್ಯಾಯಗಾರ ನ್ಯಾಯಾಧಿಪತಿಯ ಬಾಗಿಲು ಬಡಿಯುತ್ತಲೇ ಇದ್ದ ವಿಧವೆಯೂ ಇಂಥವಳೇ. ಆ ಸಾಮತಿಯನ್ನು ಪ್ರಭು ಹೇಳಿದ್ದು ಪ್ರಾರ್ಥನೆಯ ಬಗ್ಗೆ ಎಂಬುದು ಗಮನಿಸತಕ್ಕ ವಿಷಯ.

ಅಡಿಕೆಯ ಮಾತು ಬೇರೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು ಮಳೆಗಾಲ ದಾಟುವುದು ಮಲೆನಾಡಿಗೆ ಅಭ್ಯಾಸವಾಗಿತ್ತು. 2022ರ ಬಳಿಕ ಹಬ್ಬಿದ ಎಲೆಚುಕ್ಕಿ ರೋಗ ಸೋಗೆಯನ್ನೇ ಒಣಗಿಸಿ ತೋಟದ ನಾಳೆಯನ್ನೇ ಪ್ರಶ್ನೆ ಮಾಡಿದೆ. ದೊಡ್ಡ ಹಿಡುವಳಿದಾರರು ಹೇಗೋ ತಡೆದುಕೊಂಡಾರು. ಅರ್ಧ ಎಕರೆಯವರ, ಅವರ ತೋಟದಲ್ಲಿ ಕೊನೆ ತೆಗೆಯುವವರ, ಅಡಿಕೆ ಸುಲಿಯುವ ಹೆಂಗಸರ ಗತಿ ಏನು?

ಹೇಳಲು ಕಷ್ಟವಾದ ಸಂಗತಿ ಒಂದಿದೆ. ಎಣ್ಣೆ ಹಚ್ಚಿಕೊಂಡವರಿಗೂ ಜ್ವರ ಬಂದೀತು, ಜಪಸರ ಹಿಡಿದ ಮನೆಯಲ್ಲೂ ಸಾವು ಸಂಭವಿಸೀತು. ಅಂತಹ ಮನೆಗೆ ಹೋಗಿ "ದೇವರಿಗೆ ಪ್ರಿಯರಾದವರನ್ನು ಬೇಗ ಕರೆದುಕೊಳ್ಳುತ್ತಾರೆ" ಎನ್ನುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಬೇಡ. ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಮಾತಾಡದೆ ಅವನೊಡನೆ ನೆಲದ ಮೇಲೆ ಕುಳಿತದ್ದು ಅವರು ಮಾಡಿದ ಒಳ್ಳೆಯ ಕೆಲಸ. ಬಾಯಿ ತೆರೆದು ಕಾರಣ ವಿವರಿಸತೊಡಗಿದ ಮೇಲೆ ಅವರು ಕೆಟ್ಟರು, ಕೊನೆಗೆ ದೇವರೇ ಅವರ ಮೇಲೆ ಸಿಟ್ಟಾದರು. ದೂರಿದ ಯೋಬನ ಮೇಲೆ ಹಾಗೆ ಸಿಟ್ಟಾಗಲಿಲ್ಲ. ದೋಣಿ ಮುಳುಗುವಾಗ ಶಿಷ್ಯರು ಪ್ರಭುವನ್ನು ಎಬ್ಬಿಸಿ, ನಾವು ಸಾಯುತ್ತಿದ್ದರೂ ನಿಮಗೆ ಚಿಂತೆಯಿಲ್ಲವೇ ಎಂದು ಗದರಿದರು. ಅವರ ಅಲ್ಪವಿಶ್ವಾಸವನ್ನು ಪ್ರಭು ಪ್ರಶ್ನಿಸಿದರು, ನಿಜ. ಆದರೆ ಮೊದಲು ಎದ್ದು ಗಾಳಿಯನ್ನು ಶಾಂತಗೊಳಿಸಿದರು. ಕಷ್ಟದಲ್ಲಿರುವವರ ವಿಶ್ವಾಸವನ್ನು ಅಳೆಯಲು ಹೊರಡುವ ನಮ್ಮಲ್ಲಿ ಈ ಕ್ರಮ ಹೆಚ್ಚಾಗಿ ತಲೆಕೆಳಗಾಗುತ್ತದೆ.

ಮಂಗನ ಕಾಯಿಲೆಯ ಕಾಲ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತನಕ. ಆಗಮನ ಕಾಲದಲ್ಲಿ ಆರಂಭವಾಗಿ ಪಾಸ್ಖ ಕಾಲದಲ್ಲಿ ಮುಗಿಯುತ್ತದೆ. ಘಟ್ಟದ ಮೇಲಿನ ಧರ್ಮಕೇಂದ್ರಗಳಲ್ಲಿ ಪೂಜೆಯ ನಂತರದ ಪ್ರಕಟಣೆಗಳ ಜೊತೆ ಎಣ್ಣೆ ಎಲ್ಲಿ ಸಿಗುತ್ತದೆ ಎಂಬುದನ್ನೂ ಹೇಳಬಹುದು. ಜ್ವರ ಬಂದ ಕೂಲಿಕಾರನನ್ನು, ಅವನು ಯಾವ ಮತದವನೇ ಇರಲಿ, ಆಸ್ಪತ್ರೆಗೆ ಸಾಗಿಸಲು ಯಾರ ಜೀಪು ಎಂದು ವಾಳೆಯ ಗುರಿಕಾರರು ಮೊದಲೇ ಗೊತ್ತು ಮಾಡಿಟ್ಟುಕೊಳ್ಳಬಹುದು. ಘಟ್ಟದ ಕೆಳಗಿನ ನಮಗೂ ಕೆಲಸವಿದೆ. ಮಣಿಪಾಲದ ತೀವ್ರ ನಿಗಾ ಘಟಕದ ಹೊರಗೆ, ಉಟ್ಟ ಬಟ್ಟೆಯಲ್ಲೇ ಬಂದು ವಾರಗಟ್ಟಲೆ ಕಾಯುವ ಮಲೆನಾಡಿನ ಮನೆಯವರಿಗೆ ಮಲಗಲು ಜಾಗ, ಒಂದು ಹೊತ್ತಿನ ಗಂಜಿ ಬೇಕಾಗುತ್ತದೆ. ಮದುವೆಯಿಲ್ಲದ ದಿನಗಳಲ್ಲಿ ನಮ್ಮ ಸಭಾಭವನಗಳು ಬೀಗ ಹಾಕಿಕೊಂಡು ನಿಂತಿರುತ್ತವೆ. ಕೀಲಿಕೈ ಪಾಲನಾ ಮಂಡಳಿಯ ಕಾರ್ಯದರ್ಶಿಯ ಬಳಿ ಇದೆ.