ದಾರಿಯಲ್ಲಿ ಬಿದ್ದವನೂ ದಾರಿಹೋಕನೂ

ನಗರದ ಬೀದಿಯಲ್ಲಿ ಒಬ್ಬನು ವಾಹನದ ಹೊಡೆತಕ್ಕೆ ಸಿಕ್ಕಿ ಬೀಳುತ್ತಾನೆ. ಗಳಿಗೆಯೊಳಗೆ ಅವನ ಸುತ್ತ ಗುಂಪು ನೆರೆಯುತ್ತದೆ. ‘ಅಯ್ಯೋ ಪಾಪ’ ಎನ್ನದವರು ಅದರಲ್ಲಿ ಒಬ್ಬರೂ ಇರುವುದಿಲ್ಲ. ಆದರೆ ಬಗ್ಗಿ ಅವನನ್ನು ಎತ್ತುವವರು ಬಹು ವಿರಳ. ಇದನ್ನು ಕಂಡು, ನಗರವಾಸಿಗಳಲ್ಲಿ ಕನಿಕರವೆಂಬುದೇ ಬತ್ತಿಹೋಯಿತೆಂದು ಮರುಗುವುದು ನಮ್ಮ ವಿದ್ಯಾವಂತರಲ್ಲಿ ರೂಢಿಯಾಗಿದೆ. ನಮ್ಮ ಅಭಿಪ್ರಾಯವು ಬೇರೆ. ಕನಿಕರ ತೋರಿದವನಿಗೆ ಠಾಣೆ, ಆಸ್ಪತ್ರೆ, ನ್ಯಾಯಾಲಯಗಳಲ್ಲಿ ಬಹುಕಾಲ ಒದಗುತ್ತಿದ್ದ ಕಿರುಕುಳವೇ ಜನರ ಕೈಗಳನ್ನು ಕಟ್ಟಿಹಾಕಿತು. ಆ ಕಟ್ಟನ್ನು ಶಾಸನವು ಈಗ ಬಿಚ್ಚಿಯಾಗಿದೆ. ಬಿಚ್ಚಿದ ವರ್ತಮಾನವು ಮಾತ್ರ ಇನ್ನೂ ಬೀದಿಗೆ ತಲುಪಿಲ್ಲ.

ಇದು ನಮ್ಮ ಊಹೆಯಲ್ಲ. ಸೇವ್‌ಲೈಫ್ ಫೌಂಡೇಷನ್ ಎಂಬ ಸಂಸ್ಥೆಯವರು 2013ರಲ್ಲಿ ದೇಶದ ಹಲವು ನಗರಗಳಲ್ಲಿ ವಿಚಾರಿಸಿದಾಗ, ಗಾಯಾಳುವಿಗೆ ತಾವು ನೆರವಾಗುವುದು ಸಂಭವವಿಲ್ಲವೆಂದವರು ನೂರಕ್ಕೆ 74 ಮಂದಿ. ಅವರಲ್ಲಿ ನೂರಕ್ಕೆ 88 ಮಂದಿ ಹೇಳಿದ ಕಾರಣವು ಒಂದೇ: ಪೋಲೀಸರ ವಿಚಾರಣೆ ಮತ್ತು ಕೋರ್ಟಿನ ಅಲೆದಾಟ. ಊರ ಉಸಾಬರಿ ನಮಗೇಕೆಂದು ಇವರು ಹಿಂಜರಿದುದು ಕಲ್ಲೆದೆಯಿಂದಲ್ಲ. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತಾದೀತೆಂಬ ಅಂಜಿಕೆಯಿಂದ.

ಅಪರಿಚಿತನಾದ ದಾರಿಹೋಕನನ್ನು ಆದರಿಸುವುದು ನಮ್ಮ ನಾಡಿಗೆ ಹೊಸ ಪಾಠವೇನೂ ಅಲ್ಲ. ಬೇಸಗೆಯಲ್ಲಿ ಅರವಟ್ಟಿಗೆ, ಪಯಣಿಗನಿಗೆ ಛತ್ರ, ಹೊರೆ ಹೊತ್ತವನು ಇಳಿಸಿ ದಣಿವಾರಿಸಿಕೊಳ್ಳಲು ರಸ್ತೆಯ ಬದಿಯಲ್ಲಿ ಕಲ್ಲು. ಇವುಗಳನ್ನು ಕಟ್ಟಿಸಿದವರು ನಮ್ಮ ಹಿರಿಯರು. ಅರವಟ್ಟಿಗೆಯಲ್ಲಿ ಮಜ್ಜಿಗೆ ಕುಡಿದವನು ಯಾರೆಂದು ಕೊಟ್ಟವನು ಬರೆದಿಟ್ಟುಕೊಳ್ಳಲಿಲ್ಲ; ಕೊಟ್ಟವನು ಯಾರೆಂದು ಯಾವ ಅಧಿಕಾರಿಯೂ ವಿಚಾರಿಸಲಿಲ್ಲ. ಉಪಕಾರವು ಅಲ್ಲಿಗೆ ಮುಗಿಯುತ್ತಿತ್ತು. ಇಂದಿನ ನಗರದಲ್ಲಿಯಾದರೋ ಉಪಕಾರದೊಡನೆಯೇ ಕಾಗದಪತ್ರವು ಹುಟ್ಟಿತು. ಹೆಸರೇನು, ವಿಳಾಸವೇನು, ಗಾಯಾಳುವಿಗೂ ನಿನಗೂ ಏನು ಸಂಬಂಧ, ಠೇವಣಿ ಕಟ್ಟುವವರು ಯಾರು, ಗುದ್ದಿದವನು ನೀನೇ ಅಲ್ಲವೇ—ಈ ಪ್ರಶ್ನಾವಳಿಯ ಮುಂದೆ ಎಂಥ ಧರ್ಮಬುದ್ಧಿಯೂ ಎರಡನೆಯ ಸಲ ಯೋಚಿಸುವಂತಾಯಿತು.

ಇದನ್ನು ಸರಿಪಡಿಸುವ ಯತ್ನವು ಮೆಲ್ಲನೆ ನಡೆದುಬಂದಿದೆ. ಪೋಲೀಸು ಪ್ರಕರಣವೆಂಬ ಕಾರಣದಿಂದ ಒಂದು ಆಸ್ಪತ್ರೆಯಲ್ಲಿ ಚಿಕಿತ್ಸೆ ದೊರೆಯದೆ, ದೂರದ ಮತ್ತೊಂದಕ್ಕೆ ಒಯ್ಯುವಾಗ ದಾರಿಯಲ್ಲಿಯೇ ಅಸುನೀಗಿದ ಒಬ್ಬ ಸ್ಕೂಟರು ಸವಾರನ ಸಂಗತಿಯು ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ಗಾಯಗೊಂಡವನ ಪ್ರಾಣವನ್ನುಳಿಸುವುದೇ ವೈದ್ಯನ ಮೊದಲ ಕರ್ತವ್ಯ, ಉಳಿದ ವಿಧಿಗಳೆಲ್ಲ ಅನಂತರ ಎಂದು ಆ ನ್ಯಾಯಾಲಯವು 1989ರಲ್ಲಿ ತೀರ್ಪಿತ್ತಿತು. ವೈದ್ಯನ ಹೊಣೆ ಹೀಗೆ ಸ್ಪಷ್ಟವಾದರೂ ಗಾಯಾಳುವನ್ನು ಹೊತ್ತುತಂದವನ ಪಾಡು ಹಾಗೆಯೇ ಉಳಿಯಿತು. ಕೇಂದ್ರ ಸರ್ಕಾರದವರು 2015ರಲ್ಲಿ ಅವನ ರಕ್ಷಣೆಗಾಗಿ ಹೊರಡಿಸಿದ ಮಾರ್ಗಸೂಚಿಗಳನ್ನು 2016ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಅನ್ವಯಿಸಿತು. ಕರ್ನಾಟಕದ ಶಾಸನಸಭೆಯು ಅದೇ ವರ್ಷ ಪ್ರತ್ಯೇಕ ಶಾಸನವೊಂದನ್ನೇ ಅಂಗೀಕರಿಸಿ, 2018ರಲ್ಲಿ ರಾಷ್ಟ್ರಪತಿಗಳ ಅಂಕಿತವನ್ನು ಪಡೆಯಿತು. 2019ರಲ್ಲಿ ಮೋಟಾರು ವಾಹನಗಳ ಕಾಯಿದೆಗೆ 134ಎ ಎಂಬ ಕಲಮು ಸೇರಿತು. 2020ರಲ್ಲಿ ಅದರ ನಿಯಮಗಳೂ ಹೊರಬಿದ್ದವು.

ಇವುಗಳ ಸಾರವನ್ನು ವಾಚಕರು ಮನಸ್ಸಿನಲ್ಲಿಡತಕ್ಕದ್ದು. ಸದ್ಭಾವದಿಂದ, ಪ್ರತಿಫಲದ ನಿರೀಕ್ಷೆಯಿಲ್ಲದೆ ಗಾಯಾಳುವಿಗೆ ನೆರವಾದವನ ಮೇಲೆ, ಗಾಯಾಳುವು ತೀರಿಕೊಂಡರೂ, ಸಿವಿಲ್ ಅಥವಾ ಕ್ರಿಮಿನಲ್ ಮೊಕದ್ದಮೆ ಹೂಡುವಂತಿಲ್ಲ. ಹೆಸರು ವಿಳಾಸಗಳನ್ನು ಹೇಳೆಂದು ಪೋಲೀಸರು ಬಲವಂತ ಮಾಡಕೂಡದು. ಸಂಬಂಧಿಕನಲ್ಲದವನಿಂದ ಆಸ್ಪತ್ರೆಯವರು ದಾಖಲಾತಿಯ ಹಣ ಕೇಳಕೂಡದು. ಅವನು ತಾನಾಗಿ ಸಾಕ್ಷಿಯಾಗಲು ಒಪ್ಪಿದಲ್ಲಿ, ಅವನಿಗೆ ಅನುಕೂಲವಾದ ಸ್ಥಳದಲ್ಲಿ, ಅನುಕೂಲವಾದ ಹೊತ್ತಿನಲ್ಲಿ, ಸಮವಸ್ತ್ರ ಧರಿಸದ ಅಧಿಕಾರಿಯು ವಿಚಾರಿಸತಕ್ಕದ್ದು. ಠಾಣೆಗೇ ಬರಲೊಪ್ಪಿದರೆ ಒಂದೇ ವಿಚಾರಣೆಯಲ್ಲಿ ಮುಗಿಸತಕ್ಕದ್ದು.

ಶಾಸನವು ಇಷ್ಟು ನಿಚ್ಚಳವಾಗಿದ್ದರೂ ಬೀದಿಯ ನಡೆಯು ಬದಲಾಯಿತೇ? ಸುಪ್ರೀಂ ಕೋರ್ಟಿನ ಆಜ್ಞೆಯಾದ ಮರುವರ್ಷ, 2017ರ ಫೆಬ್ರವರಿಯಲ್ಲಿ, ಕೊಪ್ಪಳದಲ್ಲಿ ಬಸ್ಸಿಗೆ ಸಿಕ್ಕಿದ ಸೈಕಲ್ ಸವಾರನಾದ ತರುಣನೊಬ್ಬನು ರಸ್ತೆಯಲ್ಲಿ ಬಿದ್ದು ಸಹಾಯಕ್ಕಾಗಿ ಮೊರೆಯಿಡುತ್ತಿದ್ದರೆ, ನೆರೆದವರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತ ನಿಂತರು, ಅವನು ಉಳಿಯಲಿಲ್ಲ. ಅಲ್ಲಿ ನಿಂತವರನ್ನು ನಾಡೆಲ್ಲವೂ ನಿಂದಿಸಿತು. ನಿಂದೆಗೆ ಅವರು ಅರ್ಹರೇ ಸರಿ. ಆದರೆ ಸೇವ್‌ಲೈಫ್ ಸಂಸ್ಥೆಯವರೇ 2018ರಲ್ಲಿ ಪುನಃ ವಿಚಾರಿಸಿದಾಗ, ಇಂಥ ರಕ್ಷಣೆಯೊಂದುಂಟೆಂಬುದನ್ನೇ ಅರಿಯದವರು ನೂರಕ್ಕೆ 84 ಮಂದಿ ಇದ್ದರೆಂಬುದನ್ನೂ ಮರೆಯಬಾರದು. ಯಾರಿಗಾಗಿ ಕಾನೂನು ಹುಟ್ಟಿತೋ ಅವನ ಕಿವಿಗೆ ಬೀಳದ ಕಾನೂನಿಗೂ, ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಔಷಧಕ್ಕೂ ಏನು ಭೇದ?

ಸರ್ಕಾರದವರು ಇದಕ್ಕೆ ಕಂಡುಕೊಂಡ ಒಂದು ಉಪಾಯವು ಬಹುಮಾನ. ಗಾಯಾಳುವನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಮುಟ್ಟಿಸಿದವನಿಗೆ 2021ರಲ್ಲಿ 5,000 ರೂಪಾಯಿಗಳೆಂದು ಗೊತ್ತುಮಾಡಿದರು. 2025ರಲ್ಲಿ ಅದನ್ನು 25,000ಕ್ಕೆ ಏರಿಸಿದರು. ಉದ್ದೇಶವು ಒಳ್ಳೆಯದೇ, ನಾವು ಅದನ್ನು ಹಳಿಯುವುದಿಲ್ಲ. ಆದರೆ ಬಹುಮಾನ ಬೇಕಾದವನು ಪೋಲೀಸರಿಂದ ಪತ್ರ ಪಡೆದು, ಜಿಲ್ಲಾ ಸಮಿತಿಯ ಪರಿಶೀಲನೆಗೆ ಒಳಗಾಗಬೇಕು. ಠಾಣೆಗೆ ಅಂಜಿ ಹಿಂದೆಗೆಯುವವನಿಗೆ ಠಾಣೆಯ ಮೂಲಕವೇ ಪಾರಿತೋಷಕವೆಂದರೆ ಅವನ ಅಂಜಿಕೆಯು ಅಡಗುವುದು ಹೇಗೆ? ಅವನು ಬೇಡಿದುದು ಹಣವನ್ನಲ್ಲ. ಮುಟ್ಟಿಸಿ ಮನೆಗೆ ಹೋಗಲು ಅಪ್ಪಣೆಯನ್ನು.

ಆದುದರಿಂದ ಅಧಿಕಾರದಲ್ಲಿರುವ ಮಹನೀಯರಲ್ಲಿ ನಮ್ಮ ಬಿನ್ನಹವು ಮೂರು. ಪರೋಪಕಾರಿಯ ಹಕ್ಕುಗಳ ಫಲಕವನ್ನು ಆಸ್ಪತ್ರೆಗಳು ಬಾಗಿಲಲ್ಲಿ ದೇಶಭಾಷೆಯಲ್ಲಿಯೂ ಹಾಕಬೇಕೆಂದು ನಿಯಮವೇ ಹೇಳುತ್ತದೆ. ಅದು ಓದಬಲ್ಲ ಕನ್ನಡದಲ್ಲಿ, ಓದಬಲ್ಲ ಅಕ್ಷರದಲ್ಲಿ ಇದೆಯೇ ಎಂದು ಆರೋಗ್ಯಾಧಿಕಾರಿಗಳು ಸ್ವತಃ ಹೋಗಿ ನೋಡಲಿ. ಅಂಥದೇ ಫಲಕವೊಂದು ಪ್ರತಿ ಠಾಣೆಯಲ್ಲಿಯೂ ಇರಲಿ. ಅದಕ್ಕೆ ತಪ್ಪಿ ನಡೆದ ನೌಕರನನ್ನು ಮೇಲಧಿಕಾರಿಯು ಕೇಳದೆ ಬಿಡದಿರಲಿ. ವಾಹನ ನಡೆಸಲು ಪರವಾನಗಿ ಬೇಡುವ ಪ್ರತಿಯೊಬ್ಬನಿಗೂ ಈ ಹಕ್ಕುಗಳನ್ನು ತಿಳಿಯಹೇಳಲಿ. ಸಾಕ್ಷಿಯಿಲ್ಲದೆ ಅಪರಾಧಿಯನ್ನು ಹಿಡಿಯುವುದೆಂತೆಂದು ಪೋಲೀಸಿನವರು ಆಕ್ಷೇಪಿಸಬಹುದು. ಗೌರವದಿಂದ ಕಂಡರೆ ಸಾಕ್ಷಿ ಹೇಳುವವರು ತಾವಾಗಿ ಮುಂದೆ ಬಂದಾರು. ಬೆದರಿಸಿದರೆ ಸಾಕ್ಷಿಯೂ ಇಲ್ಲ, ಗಾಯಾಳುವೂ ಉಳಿಯನು.

ಇನ್ನು ಮಹಾಜನರಿಗೆ ಒಂದು ಮಾತು. ಭಯದ ನೆವವು ಇನ್ನು ನಮಗೆ ಸಲ್ಲದು. 2022ರ ಒಂದೇ ವರ್ಷದಲ್ಲಿ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಇವರಲ್ಲಿ ಪ್ರತಿಯೊಬ್ಬನೂ ಅಲ್ಲಿ ನೆರೆದವರಿಗೆ ಅಪರಿಚಿತನಾದರೂ ಯಾವುದೋ ಮನೆಯ ಆಸರೆಯಾಗಿದ್ದವನು. ಬಿದ್ದವನನ್ನು ಕಂಡೊಡನೆ 108ಕ್ಕೋ 112ಕ್ಕೋ ಕರೆ ಮಾಡುವುದು, ಗುಂಪನ್ನು ಚೆದರಿಸಿ ಗಾಳಿಯಾಡಲು ಬಿಡುವುದು, ರಕ್ತ ಸುರಿಯುವೆಡೆಯನ್ನು ಶುಭ್ರವಾದ ಬಟ್ಟೆಯಿಂದ ಒತ್ತಿಹಿಡಿಯುವುದು—ಇಷ್ಟಕ್ಕೆ ವೈದ್ಯವಿದ್ಯೆಯು ಬೇಡ. ಕತ್ತು ಬೆನ್ನುಗಳಿಗೆ ಪೆಟ್ಟು ಬಿದ್ದಂತಿದ್ದರೆ ಎಳೆದಾಡಬಾರದು. ಪ್ರಜ್ಞೆ ತಪ್ಪಿದವನ ಬಾಯಿಗೆ, ಕನಿಕರದಿಂದಲೇ ಆದರೂ, ನೀರು ಹೊಯ್ಯಬಾರದು.

2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ರಸ್ತೆಯಲ್ಲಿ ಬಿದ್ದಿದ್ದ ಯುವಕನೊಬ್ಬನು, ತನ್ನ ಕೊನೆಯ ಗಳಿಗೆಯಲ್ಲಿ, ತನ್ನ ಅಂಗಾಂಗಗಳನ್ನು ದಾನ ಮಾಡಿರೆಂದು ಬೇಡಿಕೊಂಡನು. ಗಾಯಾಳುಗಳಿಗೆ ಮೊದಲ 48 ಗಂಟೆಗಳ ಚಿಕಿತ್ಸೆಯ ವೆಚ್ಚವನ್ನು ಕೊಡುವ ರಾಜ್ಯ ಸರ್ಕಾರದ ಯೋಜನೆಯು ಅದೇ ವರ್ಷ ಅವನ ಹೆಸರಿನಲ್ಲಿ ಆರಂಭವಾಯಿತು. ಎಂದೂ ಕಾಣದವರಿಗೆ ಬೆಳಕಾಗಬೇಕೆಂದು ಬಿದ್ದವನೇ ಬಯಸಿದನು. ಎರಡು ಕಾಲಿನ ಮೇಲೆ ನಿಂತಿರುವ ನಾವು ಬಗ್ಗಿ ಕೈ ನೀಡುವಷ್ಟನ್ನಾದರೂ ಕಲಿಯಬೇಡವೇ?