ಹೊಸ ಯಂತ್ರದ ಹಂಬಲವೂ ನಮ್ಮ ಹಳೆಯ ಕಡತಗಳೂ

ಪ್ರತಿ ದೀಪಾವಳಿಗೆ ಗಣಕಯಂತ್ರದ ವ್ಯಾಪಾರಿಗಳು ಹೊರಡಿಸುವ ಜಾಹೀರಾತುಗಳನ್ನು ಓದಿದರೆ, ನಿನ್ನೆಯವರೆಗೆ ನಾವೆಲ್ಲ ಕತ್ತಲಲ್ಲಿ ಕುಳಿತಿದ್ದೆವೇನೋ ಎಂಬ ಸಂಶಯ ಬರುತ್ತದೆ. ಹೊಸದು ಬಂದಿದೆ, ಆದುದರಿಂದ ಹಳೆಯದು ಕಸ ಎಂಬ ಈ ತರ್ಕವನ್ನು ನಮ್ಮ ಹೊರನಾಡ ಕನ್ನಡಿಗರು, ಅದರಲ್ಲೂ ನಮ್ಮ ಸಂಘಗಳ ಪದಾಧಿಕಾರಿಗಳು, ಚರ್ಚೆಯೇ ಇಲ್ಲದೆ ಒಪ್ಪಿಕೊಳ್ಳುತ್ತಿರುವುದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ. ನಾನು ತಂತ್ರಜ್ಞನಲ್ಲ. ಡೊಂಬಿವಲಿಯ ಮನೆಯ ಮೂಲೆಯಲ್ಲಿ ಗಣಕವಿಟ್ಟುಕೊಂಡು ಇಪ್ಪತ್ತು ವರ್ಷಗಳಿಂದ ಕನ್ನಡ ಟೈಪು ಮಾಡುತ್ತಿರುವವನು, ಅಷ್ಟೆ.

ಮೈಕ್ರೋಸಾಫ್ಟ್ ಸಂಸ್ಥೆಯು ೨೦೧೫ರಲ್ಲಿ ಹೊರತಂದ ವಿಂಡೋಸ್ ೧೦ಕ್ಕೆ ೨೦೨೫ರ ಅಕ್ಟೋಬರ್ ೧೪ರಂದು ಬೆಂಬಲ ನಿಲ್ಲಿಸಿತು. ೨೦೨೧ರಲ್ಲಿ ಬಂದ ವಿಂಡೋಸ್ ೧೧ ಟಿಪಿಎಂ ೨.೦ ಎಂಬ ಭದ್ರತಾ ಘಟಕವನ್ನು ಬೇಡುತ್ತದೆ. ಇಂಟೆಲ್ ಸಂಸ್ಕಾರಕವಾದರೆ ಅದು ಬಹುಮಟ್ಟಿಗೆ ಎಂಟನೆಯ ಪೀಳಿಗೆಯದು, ಎಂದರೆ ೨೦೧೭ರಿಂದೀಚಿನದು, ಆಗಿರಬೇಕು. ಅದಕ್ಕೂ ಹಿಂದಿನ ಯಂತ್ರ ಎಷ್ಟೇ ಸೊಗಸಾಗಿ ನಡೆಯುತ್ತಿದ್ದರೂ ಅಧಿಕೃತ ಪ್ರವೇಶವಿಲ್ಲ. ಇದೆಲ್ಲ ಸುರಕ್ಷತೆಗಾಗಿ ಎನ್ನುತ್ತಾರೆ. ದೋಷ ತಿದ್ದದ ಯಂತ್ರವನ್ನು ಅಂತರಜಾಲಕ್ಕೆ ಜೋಡಿಸುವುದು ಅಪಾಯವೆಂಬುದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ತಿದ್ದುಪಡಿಗಳು ಸಿದ್ಧವಾಗುವುದು ನಿಂತಿತೆ? ಇಲ್ಲ. ೨೦೨೬ರ ಅಕ್ಟೋಬರ್ ೧೩ರವರೆಗೆ ಅವು ದೊರೆಯುವ ವ್ಯವಸ್ಥೆಯನ್ನು ಸಂಸ್ಥೆಯೇ ಮಾಡಿತು: ೩೦ ಡಾಲರ್ ಕೊಡಿ, ಇಲ್ಲವೇ ನಿಮ್ಮ ಗಣಕದ ಹೊಂದಾಣಿಕೆಗಳನ್ನು ನಮ್ಮ ಭಂಡಾರಕ್ಕೆ ಒಪ್ಪಿಸಿ, ಅದೂ ಬೇಡವಾದರೆ ನಾವು ಕೊಡುವ ಬಹುಮಾನದ ಅಂಕಗಳನ್ನು ಕೂಡಿಹಾಕಿ ತನ್ನಿ! ಯುರೋಪಿನ ಬಳಕೆದಾರ ಸಂಘಟನೆಗಳು ೨೦೨೫ರಲ್ಲಿ ತಕರಾರು ತೆಗೆದ ಮೇಲೆ ಅಲ್ಲಿಯವರಿಗೆ ಈ ಹಣವೂ ಒಪ್ಪಿಸುವಿಕೆಯೂ ಬೇಡವೆಂದಾಯಿತು. ಕೇಳಿದವರಿಗೆ ಸಿಕ್ಕಿತು, ಕೇಳದ ನಾವು ಅಂಗಡಿಯ ಸಾಲಿನಲ್ಲಿ ನಿಂತೆವು.

ಸಾಲಿನಲ್ಲಿ ನಿಂತು ತಂದುದೇನು? ೨೦೨೪ರ ಮೇ ತಿಂಗಳಲ್ಲಿ ಘೋಷಿಸಲಾದ ಕೋಪೈಲಟ್ ಪ್ಲಸ್ ಗಣಕಗಳನ್ನೇ ನೋಡಿ. ೧೬ ಗಿಗಾಬೈಟ್ ಸ್ಮೃತಿ, ಕೃತಕ ಬುದ್ಧಿಮತ್ತೆಗೆಂದೇ ಸೆಕೆಂಡಿಗೆ ೪೦ ಲಕ್ಷ ಕೋಟಿ ಲೆಕ್ಕಾಚಾರ ಮಾಡುವ ಪ್ರತ್ಯೇಕ ಘಟಕ. ಅದರ ಹೆಗ್ಗಳಿಕೆಯಾಗಿದ್ದ ರೀಕಾಲ್ ಎಂಬ ಸೌಲಭ್ಯ ನಾವು ತೆರೆಯ ಮೇಲೆ ಮಾಡುವುದನ್ನೆಲ್ಲ ಆಗಾಗ ಚಿತ್ರ ಹಿಡಿದಿಡುವಂಥದು. ಖಾಸಗಿತನದ ಗತಿಯೇನೆಂದು ಎಲ್ಲೆಡೆ ಕೂಗೆದ್ದುದರಿಂದ ಬಿಡುಗಡೆಯನ್ನು ಮುಂದೂಡಿ, ೨೦೨೫ರ ಏಪ್ರಿಲ್‌ನಲ್ಲಿ ಬಳಕೆದಾರನ ಒಪ್ಪಿಗೆಯ ಷರತ್ತಿನೊಡನೆ ಹೊರತಂದರು. ಮನೆಯೊಡೆಯನನ್ನು ಕೇಳಿಯೇ ಒಳಗೆ ಬರಬೇಕೆಂಬುದನ್ನು ಕಲಿಯಲು ಅವರಿಗೆ ಸುಮಾರು ಒಂದು ವರ್ಷ ಬೇಕಾಯಿತು.

ಅದೇ ೨೦೨೪ರಲ್ಲಿ ಕೀಲಿಮಣೆಗೂ ಕೋಪೈಲಟ್‌ನ ಹೆಸರಿನಲ್ಲಿ ಒಂದು ಹೊಸ ಕೀಲಿ ಬಂತು. ಕೀಲಿಮಣೆಯನ್ನು ಮುಟ್ಟಲಾಗದು ಎಂದು ಇಷ್ಟು ದಿನ ನಮಗೆ ಹೇಳುತ್ತಿದ್ದವರು ಯಾರು? ಭಾರತೀಯ ಲಿಪಿಗಳಿಗೆಲ್ಲ ಒಂದೇ ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು ಭಾರತೀಯ ಮಾನಕ ಸಂಸ್ಥೆ ೧೯೯೧ರಲ್ಲೇ ತನ್ನ ಮಾನಕದಲ್ಲಿ ಸೇರಿಸಿದೆ. ಆದರೂ ಕನ್ನಡದ ಅಕ್ಷರ ಅಚ್ಚಾದ ಕೀಲಿಮಣೆ ಕೊಡಿ ಎಂದು ನಮ್ಮೂರಿನ ಅಂಗಡಿಯಲ್ಲಿ ಕೇಳಿದರೆ, ಮಾರುವವನು ನನ್ನನ್ನು ನೋಡುವ ನೋಟವೇ ಬೇರೆ.

ಇನ್ನು ನಮ್ಮ ಮನೆಯ ವಿಷಯ. ೧೯೯೮ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, ಬಳಿಕ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಇವು ಬಂದುದರಿಂದಲೇ ಹೊರನಾಡಿನ ನಾವು ಸ್ಮರಣ ಸಂಚಿಕೆಗಳನ್ನು ನಮ್ಮ ಮನೆಯಲ್ಲೇ ಅಕ್ಷರಜೋಡಣೆ ಮಾಡುವಂತಾದೆವು. ಆದರೆ ಆ ದಿನಗಳ ಕಡತಗಳು ಬಹುಪಾಲು ಯೂನಿಕೋಡ್‌ನವಲ್ಲ. ಒಳಗಿರುವುದು ರೋಮನ್ ಸಂಕೇತಗಳು. ಆಯಾ ಫಾಂಟ್ ಇದ್ದರೆ ಮಾತ್ರ ಅವು ಕನ್ನಡವಾಗಿ ಕಾಣುತ್ತವೆ. ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳ ಸಂತೆ. ಯೂನಿಕೋಡ್‌ನಲ್ಲಿ ೧೯೯೧ರಿಂದಲೇ ಕನ್ನಡಕ್ಕೆ ಜಾಗವಿತ್ತು, ೨೦೦೧ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟೂ ಬಂತು. ಆದರೂ ನಾವು ಬಹುಕಾಲ ಹಳೆಯ ಹಾದಿಯಲ್ಲೇ ನಡೆದೆವು. ಈಗ ಹಳೆಯ ಗಣಕವನ್ನು ಗುಜರಿಗೆ ಹಾಕುವಾಗ, ನಮ್ಮ ಹಿರಿಯರ ಲೇಖನ, ನಾಟಕ, ನೆನಪುಗಳನ್ನು ಓದಬಲ್ಲ ಕೊನೆಯ ಯಂತ್ರವನ್ನೂ ಅದರೊಡನೆ ಹಾಕುತ್ತಿದ್ದೇವೆ. ಗುಜರಿ ಎಲ್ಲಿಗೆ ಹೋಗುತ್ತದೆಂದು ದೆಹಲಿಯ ಓದುಗರಿಗೆ ಹೇಳಬೇಕಾಗಿಲ್ಲ. ಸೀಲಂಪುರದ ಗಲ್ಲಿಗಳನ್ನು ಅವರು ಬಲ್ಲರು.

ನನಗೆ ತಿಳಿದ ಒಂದು ಸಂಘ ಕಚೇರಿಗೆ ಹೊಸ ಗಣಕ ಕೊಂಡು, ಪೂಜೆ ಮಾಡಿ, ಫೋಟೋ ತೆಗೆಸಿಕೊಂಡಿತು. ಅದರ ಹಳೆಯ ಸಂಚಿಕೆಗಳಿರುವ ಸಿಡಿಗಳು ಇಂದಿಗೂ ಕಪಾಟಿನಲ್ಲಿ ಧೂಳು ತಿನ್ನುತ್ತಿವೆ. ಹೊಸ ಯಂತ್ರಕ್ಕೆ ಸಿಡಿ ಹಾಕುವ ಬಾಯಿಯೇ ಇಲ್ಲ!

ಪರಿಹಾರ ದುಬಾರಿಯದಲ್ಲ. ಹಳೆಯ ಸಂಕೇತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ಒತ್ತಕ್ಷರಗಳಲ್ಲಿ ಉಳಿಯುವ ದೋಷಗಳನ್ನು ಮಾತ್ರ ಕನ್ನಡ ಬಲ್ಲವರು ಕುಳಿತು ತಿದ್ದಬೇಕು. ನಿವೃತ್ತರಾದ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದಿದೆ? ವಿಂಡೋಸ್ ೧೧ ಒಲ್ಲದ ಯಂತ್ರಗಳಲ್ಲಿ ಲಿನಕ್ಸ್ ಹಾಕಿದರೆ, ಬಹುತೇಕ ಅವು ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಆದುದರಿಂದ ಪ್ರತಿಯೊಂದು ಸಂಘವೂ ತನ್ನ ಮುಂದಿನ ಮಹಾಸಭೆಯಲ್ಲಿ, ಹೊಸ ಗಣಕದ ಖರೀದಿಗೆ ಮಂಜೂರಾತಿ ಕೇಳುವ ಮುನ್ನ, ತನ್ನಲ್ಲಿರುವ ಹಳೆಯ ಕಡತಗಳ ಪಟ್ಟಿಯನ್ನು ಸದಸ್ಯರ ಮುಂದಿಡಬೇಕು. ಪಟ್ಟಿ ಸಿದ್ಧವಾಗುವವರೆಗೆ ಖರೀದಿಯ ಠರಾವಿಗೆ ನಾನಂತೂ ಕೈ ಎತ್ತುವುದಿಲ್ಲ.