ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ರೆ ತಪ್ಪೇನು?

ವಿಜ್ಞಾನ ಕಥೆಯ ಧಾರಾವಾಹಿಯ ಹೊಸ ಸೀಸನ್ ಬರುತ್ತದೆ ಎಂದರೆ ಸಾಕು, ಅದರ ಸಂಗೀತದ ಆಲ್ಬಂ ಯಾವಾಗ ಬಿಡುಗಡೆ, ಎಷ್ಟು ಟ್ರ್ಯಾಕ್ ಇರಬಹುದು, ಕೊನೆಯ ದೃಶ್ಯದ ಸಂಗೀತ ಸೇರಿಸುತ್ತಾರೋ ಇಲ್ಲವೋ ಎಂದು ವಾರಗಟ್ಟಲೆ ಲೆಕ್ಕ ಹಾಕುವ ಹುಡುಗ ಹುಡುಗಿಯರು ನಮ್ಮ ಅರಸೀಕೆರೆ ಜಂಕ್ಷನ್ನಿನಲ್ಲೂ ಸಿಗುತ್ತಾರೆ. ಪಕ್ಕದಲ್ಲಿ ರೈಲಿಗೆ ಕಾಯುತ್ತಾ ಕೂತ ಹಿರಿಯರದ್ದು ಒಂದೇ ಮಾತು: "ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸ್ತಾವೆ."

ಹೊಲಿಸಲಿ ಬಿಡಿ. ಇಂಥ ಹುಚ್ಚು ಇದ್ದದ್ದರಿಂದಲೇ ಕೆಲವು ಸಂಗತಿಗಳು ಉಳಿದಿವೆ.

ಬಿಬಿಸಿಯ 'ಡಾಕ್ಟರ್ ಹೂ' 1963ರಲ್ಲಿ ಶುರುವಾಯಿತು. ಹಳೆಯ ಟೇಪುಗಳನ್ನು ಸಂಸ್ಥೆಯೇ ಅಳಿಸಿತು. ಹತ್ತಾರು ಕಂತುಗಳ ಚಿತ್ರ ಇವತ್ತಿಗೂ ಸಿಕ್ಕಿಲ್ಲ. ಆದರೆ ಆ ಅಷ್ಟೂ ಕಂತುಗಳ ಧ್ವನಿ ಇದೆ. ಉಳಿಸಿದವರು ಮನೆಯ ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತ ಅಭಿಮಾನಿಗಳು. ಮುಂದೆ ಬಿಬಿಸಿಯೇ ಅವನ್ನು ಸಿ.ಡಿ. ಮಾಡಿ ಮಾರಿತು. 'ಸ್ಟಾರ್ ಟ್ರೆಕ್' ಮೊದಲ ಸರಣಿ 1969ರಲ್ಲಿ ಮುಗಿಯಿತು. ಅದರ ಸಂಗೀತದ 15 ಸಿ.ಡಿ.ಗಳ ಪೆಟ್ಟಿಗೆ ಬಂದದ್ದು 2012ರಲ್ಲಿ. 43 ವರ್ಷದ ಮೇಲೂ ಕೊಳ್ಳುವವರಿದ್ದಾರೆಂದು ಕಂಪನಿಗೆ ಹೇಗೆ ಗೊತ್ತಾಯಿತು? ಕೇಳುವವರು ಬಾಯಿ ಮುಚ್ಚಿರಲಿಲ್ಲ.

ಆಲ್ಬಂ ಎಂದರೆ ಹಾಡು ಮಾತ್ರವಲ್ಲ, ಹೆಸರೂ ಹೌದು. 'ಡಾಕ್ಟರ್ ಹೂ' ಶೀರ್ಷಿಕೆ ಸಂಗೀತ ಬರೆದವರು ರಾನ್ ಗ್ರೇನರ್. ಟೇಪಿನ ತುಂಡುಗಳನ್ನು ಕತ್ತರಿಸಿ, ಅಂಟಿಸಿ ಅದಕ್ಕೆ ನಾದ ಕೊಟ್ಟವರು ಡೆಲಿಯಾ ಡರ್ಬಿಶೈರ್. ತೆರೆಯ ಮೇಲೆ ಅವರ ಹೆಸರು ಬಂದದ್ದು 2013ರಲ್ಲಿ, ಅವರು ತೀರಿಕೊಂಡು 12 ವರ್ಷವಾದ ಮೇಲೆ. ನಮ್ಮ ಬೇಲೂರಿಗೆ ಹೋಗಿ ನೋಡಿ. 1117ರ ಚೆನ್ನಕೇಶವ ದೇಗುಲದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕಲ್ಲಿನಲ್ಲೇ ಕೊರೆದಿದ್ದಾರೆ. ಹಳೇಬೀಡಿನ ಗೋಡೆಗಳಲ್ಲೂ ಶಿಲ್ಪಿಗಳ ಹೆಸರುಗಳಿವೆ. 900 ವರ್ಷದ ಹಿಂದೆ ಕಲ್ಲುಕುಟಿಗನಿಗೆ ಸಿಕ್ಕ ಮರ್ಯಾದೆ ಇವತ್ತಿನ ಸಂಗೀತಗಾರನಿಗಿಲ್ಲ. ಅವನ ಹೆಸರು ಬರುವಷ್ಟರಲ್ಲಿ ಮುಂದಕ್ಕೆ ಹಾರಿಸುವ ಗುಂಡಿ ಒತ್ತುತ್ತೇವೆ.

ನಮ್ಮ ಹುಡುಗರ ಮೇಲೆ ನನ್ನ ತಕರಾರು ಬೇರೆಯೇ ಇದೆ. ಹೊರಗಿನದಕ್ಕೆ ಇಷ್ಟು ಹಟ ಹಿಡಿಯುವ ನೀವು, ಕನ್ನಡ ಧಾರಾವಾಹಿಯ ಹಿನ್ನೆಲೆ ಸಂಗೀತ ಬೇಕೆಂದು ಒಂದು ದಿನವಾದರೂ ಕೇಳಿದ್ದೀರಾ? ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ರಾಗವನ್ನು ಎಲ್ಲರೂ ಗುನುಗುತ್ತಾರೆ. ಅದನ್ನು ಕೊಟ್ಟ ಎಲ್. ವೈದ್ಯನಾಥನ್ ಹೆಸರು ಎಷ್ಟು ಜನಕ್ಕೆ ಗೊತ್ತು?

ಕನ್ನಡದಲ್ಲಿ ವಿಜ್ಞಾನ ಕಥೆಯ ಧಾರಾವಾಹಿಗಳೇ ಅಪರೂಪ, ನಿಜ. ಹಾಗಂತ ಬರುವ ತನಕ ಸುಮ್ಮನಿದ್ದರೆ, ಕೇಳುವ ಕಿವಿ ಇವೆಯೆಂದು ಸಂಗೀತ ಮಾಡುವವರಿಗೆ ತಿಳಿಯುವುದಾದರೂ ಹೇಗೆ? ವಾಹಿನಿಗಳಿಗೆ ಬರೆಯಿರಿ, ದೂರದರ್ಶನ ಚಂದನಕ್ಕೂ ಬರೆಯಿರಿ: ಇರುವ ಸಂಗೀತವನ್ನು ಬಿಡುಗಡೆ ಮಾಡಿ, ನುಡಿಸಿದವರ ಹೆಸರು ಹಾಕಿ.

ಹಿರಿಯರು ನಗಲಿ. ನಮ್ಮ ಮನೆಯ ಕೂಸಿಗೂ ಒಂದು ಕುಲಾವಿ ಹೊಲಿಸೋಣ.